ಗೆರೆ ದಾಟದ ಕೆಂಪು

ಅಚ್ಚುಮನೆಯ ಮಹಡಿ,
ಹನ್ನೊಂದನೇ ತಾರೀಖು, ಬಟ್ಟೆ ಒಣಗುವ ಹೊತ್ತು

ಪ್ರೀತಿಯ ಅಣ್ಣಾ,

ತಮ್ಮ ಆರೋಗ್ಯವನ್ನು ಈ ಮನೆಯ ಸಮಸ್ತರ ಪರವಾಗಿ, ಅಂದರೆ ಅಮ್ಮ, ನಾನು ಮತ್ತು ಮೆಟ್ಟಿಲ ಕೆಳಗೆ ಮರಿ ಹಾಕಿರುವ ಬೆಕ್ಕಿನ ಪರವಾಗಿ, ಅತ್ಯಂತ ಗೌರವಪೂರ್ವಕವಾಗಿ ವಿಚಾರಿಸುತ್ತಿದ್ದೇನೆ. ಕೆಮ್ಮು ನಿಂತಿತಾ? ಹೊಟ್ಟೆ ತುಂಬ ಉಣ್ಣುತ್ತೀಯಾ? ಅಪ್ಪ ಏನೂ ವಿಚಾರಿಸಿಲ್ಲ. ಆದರೆ ಅಂಚೆಯವನ ಸೈಕಲ್ ಬೆಲ್ ಕೇಳಿಸಿದರೆ ಸಾಕು, ಎತ್ತಿದ ಅಚ್ಚು ಅವರ ಕೈಯಲ್ಲೇ ನಿಲ್ಲುತ್ತದೆ. ಬೆಲ್ ಪಕ್ಕದ ಮನೆಗೆ ಹೋದ ಮೇಲೆ, 'ನೋಡು, ನಿನ್ನಿಂದ ಬಣ್ಣ ಗಟ್ಟಿಯಾಯ್ತು' ಎಂದು ನನ್ನನ್ನು ಬೈಯುತ್ತಾರೆ.

ಇನ್ನು ರಾಜ್ಯಭಾರದ ಸುದ್ದಿ. ಏಳು ತಿಂಗಳಿಂದ ಎರಡೂ ಕೆಲಸ ಒಬ್ಬರೇ ಮಾಡಿ ಸುಸ್ತಾದ ಅಪ್ಪ, ಖಾಲಿಯಿದ್ದ ನಿನ್ನ ಸಿಂಹಾಸನವನ್ನು ಹೋದ ವಾರ ಈ ಕೋತಿಗೆ ದಯಪಾಲಿಸಿದರು. ಅವರು ಮುಂದೆ ಬಟ್ಟೆಯ ಮೇಲೆ ಅಚ್ಚಿನಿಂದ ಹೂವಿನ ಗೆರೆ ಒತ್ತುತ್ತಾ ಹೋಗುವುದು, ನಾನು ಹಿಂದಿನಿಂದ ಅದರೊಳಗೆ ಕೆಂಪು ತುಂಬುತ್ತಾ ಬರುವುದು. ಬಿಟ್ಟು ಹೋದವನನ್ನು ನೆನೆದು ಅಚ್ಚಿನ ಬೆನ್ನಿಗೆ ಗುದ್ದುವುದರಿಂದ ಬಣ್ಣ ಬಹಳ ಚೆನ್ನಾಗಿ ಹಿಡಿಯುತ್ತದೆ. ಆದರೆ ಅಷ್ಟುದ್ದದ ಮೇಜಿನಲ್ಲಿ ಅಪಸ್ವರದ ಶಿಳ್ಳೆ ಹಾಕುವವರಿಲ್ಲ. ನನ್ನ ಜಡೆಯ ತುದಿಯನ್ನು ಬಣ್ಣಕ್ಕೆ ಅದ್ದುವವರಿಲ್ಲ. ಏಳು ತಿಂಗಳಿಂದ ಅದು ನಾಚಿಕೆಗೇಡು ಎನ್ನುವಷ್ಟು ಕಪ್ಪಗಿದೆ.

'ಹನ್ನೆರಡು ವರ್ಷದಲ್ಲಿ ನಂದು ಒಂದು ಹೂವೂ ಗೆರೆ ದಾಟಿಲ್ಲ, ಒಂದಿನ ಶಭಾಷ್ ಅಂದಿದ್ದೀರಾ?' ಎಂದು ಅಪ್ಪನನ್ನು ಕೇಳಿ ಹೊರಟೆಯಲ್ಲ, ಅವರು ಇನ್ನೂ ಅದಕ್ಕೆ ಉತ್ತರ ಕೊಟ್ಟಿಲ್ಲ. ಈಗ ಸೇರಿರುವ ಅಚ್ಚುಮನೆಯಲ್ಲಿ ನೀನು ತುಂಬಿದ ಬಣ್ಣವೆಲ್ಲ ಗೆರೆಯಾಚೆ ಬೀಳುತ್ತಿದೆ, ನಿನ್ನನ್ನು ಬಟ್ಟೆ ಮಡಚಲು ಕೂರಿಸಿದ್ದಾರೆ, ಆ ಊರಿನ ಅಚ್ಚುಗಳೇ ಸರಿಯಿಲ್ಲ ಎಂದು ಅಮ್ಮನಿಗೆ ಬರೆದಿದ್ದೀಯಂತೆ. ಪಾಪ, ಅಚ್ಚುಗಳು.

ಅಮ್ಮನ ಆಶೀರ್ವಾದಗಳು. ಕಣ್ಣು ಬಿಟ್ಟಿರುವ ಎರಡು ಮರಿಗಳ ನಮಸ್ಕಾರಗಳು. ಮೂರನೆಯದು ಇನ್ನೂ ಯೋಚಿಸುತ್ತಿದೆ.

ನಿನ್ನ ಏಕೈಕ ಹಾಗೂ ಅನಿವಾರ್ಯ ತಂಗಿ,
ಕೋತಿ

ಮರೆತಿದ್ದೆ: ಇದನ್ನು ನಿನಗೆ ತಿಳಿಸಕೂಡದೆಂದು ಅಪ್ಪನ ಆಜ್ಞೆ. ನಾನು ತುಂಬಿದ ಮೊದಲ ಥಾನು ಬಟ್ಟೆ ಪೂರ್ತಿ ಹಾಳಾಯಿತು. ಅಪ್ಪನ ಗೆರೆಯಚ್ಚಿನ ಮೂಲೆಯ ಮೊಳೆ ಬಿಡುವ ಗುರುತಿನ ಚುಕ್ಕೆಗೆ ಸರಿಯಾಗಿಯೇ ನನ್ನ ಅಚ್ಚು ಕೂರಿಸಿದ್ದೆ. ಆದರೂ ಪ್ರತಿ ಹೂವಿನ ಕೆಂಪೂ ಕೂದಲೆಳೆಯಷ್ಟು ಎಡಕ್ಕೆ ಚೆಲ್ಲಿತ್ತು. ಅವರ ಅಚ್ಚನ್ನು ತಿರುಗಿಸಿ ನೋಡಿದರೆ, ಮೊಳೆಯೇ ಎಡಕ್ಕೆ ಬಾಗಿದೆ. ಅಪ್ಪ ತೊಳೆದ ಬಕೆಟ್ಟನ್ನೇ ಮೂರು ಸಲ ತೊಳೆದು ಕೊನೆಗೆ ಬಾಯಿಬಿಟ್ಟರು. ನಿನ್ನ ಕೈ ಮೊದಲಿನಿಂದಲೂ ಬಲಕ್ಕೆ ಜಾರುತ್ತಿತ್ತಂತೆ. ಹೇಳಿದರೆ ನೊಂದುಕೊಳ್ಳುತ್ತೀಯೆಂದು, ನೀನು ಕೆಲಸಕ್ಕೆ ನಿಂತ ವಾರವೇ ಅದಕ್ಕೆ ಸರಿಯಾಗಿ ಮೊಳೆ ಬಗ್ಗಿಸಿ ಸುಮ್ಮನಿದ್ದರಂತೆ. ನೆಟ್ಟಗೆ ಮಾಡೋಣವೆಂದು ನಾನು ಸುತ್ತಿಗೆ ತಂದೆ. ಅಪ್ಪ ಅದನ್ನು ಕಿತ್ತುಕೊಂಡರು. 'ಇರ್ಲಿ ಬಿಡೇ. ಅವನು ಬಂದ್ರೆ ಮತ್ತೆ ಬಗ್ಗಿಸ್ಬೇಕಾಗುತ್ತೆ.'