ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಭಾವ ಮಾತ್ರೆ ತಂದುಕೊಟ್ಟರೂ ನೀನು ನುಂಗುವುದಿಲ್ಲ ಎಂಬ ದೂರು ಇಲ್ಲಿಯವರೆಗೂ ಬಂದಿದೆ. ಹಟ ಬಿಡು ಮಹರಾಯ್ತಿ. ನಾವೆಲ್ಲ ಚೆನ್ನಾಗಿದ್ದೇವೆ, ನನ್ನ ಸಿಟ್ಟು ನನಗಿಂತ ಚೆನ್ನಾಗಿದೆ.

ಸೂಪರ್‌ವೈಸರ್ ಕೆಲಸ ಏನಾಯಿತು ಎಂದು ಕೇಳಿದ್ದೆಯಲ್ಲ, ಹೋಯಿತು. ನಮ್ಮ ಕಾರ್ಖಾನೆಯಲ್ಲೊಂದು ನಿಯಮ: ಯಾವ ಹುದ್ದೆಯೇ ಇರಲಿ, ಸಂದರ್ಶನಕ್ಕೆ ಒಬ್ಬ ಹೆಂಗಸನ್ನಾದರೂ ಕರೆಯಲೇಬೇಕು. ಕರೆದರೆ ಸಾಕು, ಕೆಲಸ ಕೊಡಬೇಕೆಂದೇನೂ ಇಲ್ಲ. ಹೊರಗಿನಿಂದ ಹುಡುಕಿ ತರುವ ತಾಪತ್ರಯ ಯಾರಿಗೆ ಬೇಕು? ಲೇತ್ ಯಂತ್ರದ ಮುಂದೆ ನಾನಿದ್ದೇನಲ್ಲ! ಆಫೀಸಿನವರು ಬಂದು "ಒಂದೈದು ನಿಮಿಷ ಬಂದು ಹೋಗಮ್ಮ" ಎಂದರೆ ಗ್ರೀಸ್ ಕೈ ಒರೆಸಿಕೊಂಡು ಹೋಗಿ ಕೂರುವುದು. ಕ್ರೇನ್ ಓಡಿಸುವ ಕೆಲಸಕ್ಕೂ ಕೂತೆ, ಅಕೌಂಟ್ಸ್ ಕೆಲಸಕ್ಕೂ ಕೂತೆ. ನನಗೆ ಮನೆಯ ಹಾಲಿನ ಲೆಕ್ಕವೇ ತಪ್ಪುತ್ತದೆ, ನಿನಗೆ ಗೊತ್ತಿಲ್ಲವೇ? ಜೊತೆಯವರು ನನ್ನನ್ನು "ಇಂಟರ್‌ವ್ಯೂ ಅಕ್ಕ" ಎಂದೇ ಕರೆಯುವುದು. ನಾನೂ ನಗುತ್ತಿದ್ದೆ.

ಆದರೆ ಸೂಪರ್‌ವೈಸರ್ ಕೆಲಸ ನನಗೆ ಬೇಕಿತ್ತು ಅಕ್ಕಾ, ನಿಜವಾಗಿ ಬೇಕಿತ್ತು. ಆ ಸಾಲಿನ ಯಂತ್ರಗಳ ಕೆಮ್ಮು, ಸೀನು ಎಲ್ಲ ನನಗೆ ಗೊತ್ತು. ಹೊಸಬರಿಗೆ ಕೆಲಸ ಕಲಿಸಿದವಳೂ ನಾನೇ. ಅವತ್ತು ಕೈ ತಿಕ್ಕಿ ತೊಳೆದು, ನೀನು ಹೊಲಿದುಕೊಟ್ಟ ನೀಲಿ ಬಟ್ಟೆ ತೊಟ್ಟು ಹೋದೆ. ಮ್ಯಾನೇಜರ್ "ಮನೇಲೆಲ್ಲ ಹೇಗಿದ್ದಾರೆ?" ಎಂದು ಕೇಳಿ ಕಾಫಿ ತರಿಸಿಕೊಟ್ಟರು. ಕೆಲಸದ ಬಗ್ಗೆ ಒಂದಾದರೂ ಮಾತು? ಊಹೂಂ. ಕಾಫಿ ಮುಗಿಯಿತು, ಸಂದರ್ಶನವೂ ಮುಗಿಯಿತು. ಹೊರಗೆ ಬಂದರೆ ಬಡಗಿ ಆಗಲೇ ಸೂಪರ್‌ವೈಸರ್ ಕೋಣೆಯ ಬಾಗಿಲಿಗೆ ಮ್ಯಾನೇಜರರ ಭಾವಮೈದುನನ ಹೆಸರಿನ ಹಲಗೆ ಜಡಿಯುತ್ತಿದ್ದ! ಸಂದರ್ಶನಕ್ಕೆ ಬಂದ ಹೆಂಗಸರ ಸಂಖ್ಯೆ ಏರಿದೆ ಎಂದು ಕ್ಯಾಂಟೀನ್ ಗೋಡೆಗೆ ಪಟ ಅಂಟಿಸಿದ್ದಾರೆ. ಆ ಹೆಂಗಸರೆಲ್ಲ ನಾನೊಬ್ಬಳೇ! ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತಾರಲ್ಲ, ನನ್ನದು ಅದರ ತಿರುಗಾಮುರುಗಾ. ಮರುದಿನವೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಂದೆ: "ಇನ್ನು ನನ್ನ ಕರೀಬೇಡಿ. ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ."

ಭಾವನಿಗೆ ನಮಸ್ಕಾರ ತಿಳಿಸು. ಮಗಳು ಎಷ್ಟೇ ದೊಡ್ಡವಳಾಗಿರಲಿ, ಅವಳ ಕೆನ್ನೆಯನ್ನು ನನ್ನ ಪರವಾಗಿ ಒಮ್ಮೆ ಹಿಂಡು. ಮಾತ್ರೆ ನುಂಗು.

ಇಂತಿ ನಿನ್ನ,
ತಂಗಿ

ವಿ.ಸೂ.: ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ. ನಿನ್ನೆ ನಿನ್ನ ಮಗಳು ಕುಣಿದಾಡುತ್ತಾ ಹೇಳಿದಳಲ್ಲ, "ಚಿಕ್ಕಮ್ಮಾ, ನಿಮ್ಮ ಕಾರ್ಖಾನೆಯಿಂದ್ಲೇ ಸ್ಟೋರ್ಸ್ ಕೆಲಸದ ಇಂಟರ್‌ವ್ಯೂಗೆ ಕರ್ದಿದ್ದಾರೆ!" ಎಂದು. ಆ ಸ್ಟೋರ್ಸ್ ಕೆಲಸಕ್ಕೆ ಆಯ್ಕೆಯಾದವನು ಕಳೆದ ಸೋಮವಾರದಿಂದಲೇ ಬಂದು ಕೂತಿದ್ದಾನೆ. ಅವಳನ್ನು ಕರೆದಿರುವುದು ನಾನು ಒಲ್ಲೆ ಎಂದ ಕುರ್ಚಿಗೆ. ಅವಳಿಗೂ ನೀಲಿ ಬಟ್ಟೆ ಹೊಲಿಯುತ್ತಿದ್ದೀಯಂತೆ. ನಿಲ್ಲಿಸು ಅಕ್ಕಾ.