ಶ್ರೀಮತಿ ಮೊರ್ವಾನಳನ್ನು ಸೋಲಿಸಿದ್ದು

ದುವಾರ್ನೆನೆ
ಅಕ್ಟೋಬರ್ 21, 1986

ಮುದ್ದು ಸೋಲೆನ್,

ಚೆನ್ನಾಗಿದ್ದೀಯಾ? ನಿನ್ನ ಮದುವೆಯ ಕರೆಯೋಲೆ ಬಂದು ಮೂರು ವಾರವಾಯಿತು. ಉತ್ತರಿಸದೆ ಕೂತಿದ್ದಕ್ಕೆ ಬೇಕಾದರೆ ಬೈದುಕೋ. ಓಟ ಮುಗಿಯುವ ತನಕ ಪೆನ್ನು ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದೆ. ಅಮ್ಮನ ಹಟ ನಿನಗೇನೂ ಹೊಸದಲ್ಲ.

ಮ್ಯಾರಥಾನಿನಲ್ಲಿ ಫ್ರಾನ್ಸಿನ ಹೆಂಗಸರ ದಾಖಲೆ ಮತ್ತೆ ನನ್ನದು ಕಣೇ, ನಲವತ್ತೊಂದನೆಯ ವಯಸ್ಸಿನಲ್ಲಿ. ವಿಚ್ಛೇದನದ ದಿನ ನಿನ್ನಪ್ಪ ಅಂದಿದ್ದು ನೆನಪಿದೆಯಾ? "ನಿನಗೆ ಓಡೋದು ಕಲಿಸಿದ್ದೇ ನಾನು. ನಾನಿಲ್ದಿದ್ರೆ ನೀನು ಬ್ರೆಡ್ಡಂಗಡಿ ತನಕಾನೂ ಓಡಲ್ಲ." ಬ್ರೆಡ್ಡಂಗಡಿ ದಾಟಿ ಸ್ವಲ್ಪ ಮುಂದೆ ಹೋಗಿದ್ದಾಳೆ ಎಂದು ಅವನಿಗೆ ತಿಳಿಸು.

ತಮಾಷೆ ಕೇಳು. ಎಂಟು ವರ್ಷದ ಹಿಂದಿನ ದಾಖಲೆಯೂ ನನ್ನದೇ ಅಲ್ಲವೇ? ಆಗ ಓಡಿದ್ದು ಗಂಡನ ಹೆಸರಿನಲ್ಲಿ, ಈಗ ತವರಿನ ಹೆಸರಿನಲ್ಲಿ. ಪತ್ರಿಕೆಯವರಿಗೆ ಇಬ್ಬರೂ ಒಬ್ಬಳೇ ಎಂಬುದೇ ಗೊತ್ತಿಲ್ಲ. "ಶ್ರೀಮತಿ ಮೊರ್ವಾನ್ ದಾಖಲೆ ಮುರಿದ ಅರ್ಮೆಲ್ ರಿಯು" ಎಂದು ದಪ್ಪಕ್ಷರದಲ್ಲಿ ಹಾಕಿದ್ದಾರೆ. ಒಬ್ಬ ವರದಿಗಾರನಂತೂ, "ಆಕೆ ಮೇಲೆ ನಿಮಗೇನಾದ್ರೂ ಸಿಟ್ಟಿತ್ತಾ ಮದಾಮ್?" ಎಂದು ಕೇಳಿದ.

"ಇತ್ತು. ಗಂಡ ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಿದ್ಲು," ಎಂದೆ. ಅದನ್ನೂ ಬರೆದುಕೊಂಡ.

ಪಕ್ಕದ ಮನೆಗೆ ಹೊಸದಾಗಿ ಬಂದವಳು ಮರುಕಪಟ್ಟಳು. "ಪಾಪ, ಆ ಮೊರ್ವಾನ್ ಹೆಂಗಸು ಎಷ್ಟು ಅತ್ತಿರ್ತಾಳೋ."

"ಅಳೋದೆಲ್ಲಿ ಬಂತು, ಎರಡು ತಟ್ಟೆ ಸಾರ್ಡೀನ್ ಮೀನು ಮುಗಿಸಿ ಗೊರಕೆ ಹೊಡೆದ್ಲು," ಎಂದೆ.

ಪತ್ರಿಕೆಯ ತಪ್ಪು ತಿದ್ದಿಸೋಣ ಎಂದು ನಮ್ಮ ಓಟದ ಕ್ಲಬ್ಬಿನ ಅಧ್ಯಕ್ಷರು ಮನೆತನಕ ಬಂದರು. ಬೇಡ, ಅವಳು ಸೋತಳೆಂದೇ ಇರಲಿ ಎಂದು ಕಳಿಸಿದೆ.

ಮದುವೆಗೆ ಖಂಡಿತ ಬರುತ್ತೇನೆ. "ಅಪ್ಪಂಗೆ ಮುಜುಗರ ಆಗುತ್ತೆ, ಹಿಂದಿನ ಸಾಲಲ್ಲಿ ಕೂತ್ಕೋಮ್ಮ" ಎಂದು ಫೋನಿನಲ್ಲಿ ಅಂದೆಯಲ್ಲ, ಅದು ನನಗೆ ಕೇಳಿಸಲಿಲ್ಲ. ಮುಂದಿನ ಸಾಲಿನಲ್ಲೇ ಕೂರುತ್ತೇನೆ. ಎಬ್ಬಿಸುವವರು ಬಂದು ಎಬ್ಬಿಸಲಿ, ನೋಡೋಣ.

ನೀನೂ ಲೊಯಿಕ್ಕನೂ ನೂರು ಕಾಲ ಬಾಳಿ. ಜಗಳವಾಡಿ, ಆದರೆ ಊಟ ಬಿಡಬೇಡಿ. ನನ್ನ ಆಶೀರ್ವಾದ ನಿಮ್ಮ ಜೊತೆಗಿರುತ್ತದೆ.

ಎಂದೆಂದೂ ನಿನ್ನ ಅಮ್ಮ,
ಅರ್ಮೆಲ್ ರಿಯು

ತಾ.ಕ.: ಕರೆಯೋಲೆಯಲ್ಲಿ "ಶ್ರೀ ಮತ್ತು ಶ್ರೀಮತಿ ಈವ್ ಮೊರ್ವಾನ್ ತಮ್ಮ ಮಗಳ ಮದುವೆಗೆ ಆಹ್ವಾನಿಸುತ್ತಾರೆ" ಎಂದಿದೆ. ಆ ಶ್ರೀಮತಿ ನಿನ್ನಪ್ಪನ ಈಗಿನ ಹೆಂಡತಿ. ನನ್ನ ಹೆಸರಿರುವುದು ಲಕೋಟೆಯ ಮೇಲೆ ಮಾತ್ರ, ಉಳಿದ ನೆಂಟರ ಹಾಗೆ. ಪತ್ರಿಕೆಯವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು, ಮಗಳೇ.