ಬೈಕುಗಳನ್ನು ಹಿಂದೆ ಹೇರಿದ್ದು

ಮನಾಲಿ, ಶನಿವಾರ

ವೈನಿ,

ಇಲ್ಲಿ ರಸ್ತೆಬದಿಗೆಲ್ಲ ಜೋಳದ ಹಿಟ್ಟು ಚೆಲ್ಲಿದಂತೆ ಹಿಮ. ನಿನ್ನೆ ಇಳಿಜಾರಿನಲ್ಲಿ, ನಾನು ಓಡಿಸುತ್ತಿದ್ದ ನಮ್ಮ ಸಾಹೇಬರ ಜೀಪಿಗೆ ಕಟ್ಟಿದ್ದ ಟ್ರೇಲರ್ ಬಾಲ ಬೀಸಿದಂತೆ ಹೊಯ್ದಾಡಿ ಮಗುಚಿತು. ಅದರ ಮೇಲಿದ್ದ ಮಲಗುವ ಗೂಡು, ಕ್ಯಾಂಪರ್, ಜಜ್ಜಿಹೋಯಿತು, ಸಾಹೇಬರ ಎರಡೂ ಬೈಕು ಮುರಿದವು. ಯಾರಿಗೂ ಪೆಟ್ಟಾಗಿಲ್ಲ.

ಟ್ರೇಲರಿನಲ್ಲಿ ಬೈಕು ಮುಂದಕ್ಕೆ ಹೇರು ಎಂದು ಅವರ ಹೆಂಡತಿ ಹೇಳಿದ್ದರು. ನಾನು ನಕ್ಕು, ನಮ್ಮೂರು ಘೋಣಸಗಿಯಲ್ಲಿ ಕಬ್ಬು ಹೇರಿದ ಹಾಗೆ ಭಾರವನ್ನೆಲ್ಲ ಹಿಂದಕ್ಕೆ ಹಾಕಿದೆ. "ಭಾರ ಹಿಂದ ಇರ್ಲಿಲೇ, ಇಲ್ಲಂದ್ರ ಟ್ರ್ಯಾಕ್ಟರ್ ಮೂತಿ ಎತ್ತತೈತಿ" ಅಂತ ಅಪ್ಪ ಕಲಿಸಿದ್ದನಲ್ಲ! ಜೀಪಿಗೆ ಅದು ನಡೆಯುವುದಿಲ್ಲ; ಹಿಂದೆ ಭಾರವಾದರೆ ಓಟದಲ್ಲಿ ಟ್ರೇಲರ್ ಹೊಯ್ದಾಡುತ್ತದೆ.

ಗಂಡ ಹೆಂಡತಿ ಇಬ್ಬರೂ ಬೈಯಲಿಲ್ಲ. ಈಗ ಬರೀ ಜೀಪು. ಅದನ್ನೂ ಸಾಹೇಬರೇ ಓಡಿಸುತ್ತಾರೆ, ನಾನು ಹಿಂದಿನ ಸೀಟಿನಲ್ಲಿ.

ನೆಗಡಿ ಬಿಟ್ಟರೆ ಆರಾಮ. ಕಾರ್ಡನ್ನು ಅಪ್ಪನಿಗೆ ಓದಿ ಹೇಳುವಾಗ ಅವನ ಆ ಮಾತೊಂದನ್ನು ಬಿಟ್ಟುಬಿಡಿ. ನನ್ನ ಬುದ್ಧಿಯಿಂದಲೇ ಕೆಟ್ಟೆ ಎನ್ನಿ.

ನಿಮ್ಮ ಮೈದುನ
ರಾಜರತ್ನ